ಗುಜರಿಯಲ್ಲಿ ಕೊಂಡ ಏಳು ಡ್ರಾಯರಿನ ಟೂಲ್ ಟ್ರಾಲಿ: ಮಲೆನಾಡಿನ ಮಳೆಗಾಲಗಳನ್ನು ಕಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೇ ಟೂಲ್ ಟ್ರಾಲಿ ಕೊಳ್ಳಲು ಹೋದರೆ ಬಣ್ಣ ನೋಡಿ ಮರುಳಾಗಬೇಡಿ, ತುಕ್ಕು ನೋಡಿ ಹೆದರಲೂ ಬೇಡಿ. ನೋಡಬೇಕಾದ್ದು ಎರಡೇ. ತಗಡು ಎಷ್ಟು ದಪ್ಪ ಇದೆ, ಚೌಕಟ್ಟು ತಿರುಚಿಕೊಂಡಿದೆಯಾ ಇಲ್ಲವಾ. ಇವೆರಡು ಸರಿ ಇದ್ದರೆ ಬೀಗ, ಚಕ್ರ, ಡ್ರಾಯರು ಓಡುವ ಚಾನೆಲ್ಲು, ಬಣ್ಣ ಎಲ್ಲವನ್ನೂ ಆಮೇಲೆ ನಿಧಾನಕ್ಕೆ ಮಾಡಿಕೊಳ್ಳಬಹುದು.

ನನ್ನದು ತೀರ್ಥಹಳ್ಳಿ ಕಡೆ ಒಂದು ಸಣ್ಣ ರಿಪೇರಿ ಶೆಡ್ಡು. ಕಳೆ ಕೊಚ್ಚುವ ಯಂತ್ರ, ಚೈನ್ ಸಾ, ಔಷಧಿ ಹೊಡೆಯುವ ಪಂಪು, ಅಪರೂಪಕ್ಕೆ ಟಿಲ್ಲರ್. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಜೂನ್‌ನಲ್ಲಿ ಒಗೆದ ಬಟ್ಟೆ ಎಷ್ಟು ದಿನಕ್ಕೆ ಒಣಗುತ್ತದೆ ಅಂತ ಇಲ್ಲಿಯವರನ್ನು ಕೇಳಿದರೆ ಗೊತ್ತಾಗುತ್ತದೆ. ಕಬ್ಬಿಣದ ಸಾಮಾನು ಇಟ್ಟುಕೊಂಡವರ ಪಾಡು ಹೇಳುವುದೇ ಬೇಡ. ಹಾಗಾಗಿ ಇದನ್ನು ಮಳೆ ಸೀಮೆಯ ವಿಮರ್ಶೆ ಅಂತ ಓದಿಕೊಳ್ಳಿ. ಚಿತ್ರದುರ್ಗದಲ್ಲೋ ವಿಜಯಪುರದಲ್ಲೋ ಇರುವವರು ಅರ್ಧ ತಲೆನೋವು ಕಳೆದುಕೊಂಡು ಓದಬಹುದು.

ಟ್ರಾಲಿ ಸಿಕ್ಕಿದ್ದು ಬೆಂಗಳೂರಿನಲ್ಲಿ, ಪೀಣ್ಯ ಕಡೆಯ ಒಂದು ಗುಜರಿಯಲ್ಲಿ. ಯಾವುದೋ ಕಾರ್ಖಾನೆ ಮುಚ್ಚಿದಾಗ ಲಾಟಿನಲ್ಲಿ ಎತ್ತಿದ ಮಾಲು. ಏಳು ಡ್ರಾಯರು, ಮೇಲೆ ಎತ್ತುವ ಮುಚ್ಚಳ, ಬೂದು ಬಣ್ಣದ ಹ್ಯಾಮರ್‌ಟೋನ್ ಪೇಂಟು, ಅಂದರೆ ಸುತ್ತಿಗೆಯಲ್ಲಿ ತಟ್ಟಿದಂತೆ ಕಾಣುವಂಥದ್ದು. ಕೀಲಿಕೈ ಇಲ್ಲ, ಒಂದು ಚಕ್ರ ಇಲ್ಲ, ಎರಡು ಡ್ರಾಯರು ಅರ್ಧಕ್ಕೇ ಕಚ್ಚಿ ನಿಂತಿದ್ದವು. "ಕಂಪನಿ ಮಾಲು ಸಾರ್, ಇಂಥ ತಗಡು ಈಗ ಬರಲ್ಲ" ಅಂದ ಗುಜರಿಯವನು. ಗುಜರಿಯವರು ಎಲ್ಲದಕ್ಕೂ ಹಾಗೇ ಅನ್ನುತ್ತಾರೆ. ಆದರೆ ಇವನು ಹೇಳಿದ್ದು ನಿಜವಾಗಿತ್ತು. ದಪ್ಪ ಅಳೆಯುವ ವರ್ನಿಯರ್ ಹಾಕಿ ನೋಡಿದರೆ ಪಕ್ಕದ ತಗಡು 1.2 ಮಿಲಿಮೀಟರ್, ಅಂದರೆ 18 ಗೇಜು. ಡ್ರಾಯರುಗಳದ್ದು 0.9, ಅಂದರೆ 20 ಗೇಜು. ಈಗ ಕಡಿಮೆ ಬೆಲೆಗೆ ಬರುವ ಹೊಸ ಟ್ರಾಲಿಗಳಲ್ಲಿ ನಾನು ಅಳೆದು ನೋಡಿದವು ಹೆಚ್ಚಿನವು 22 ಗೇಜಿನ ಆಸುಪಾಸು, 0.7 ಮಿಲಿಮೀಟರ್. ಗೇಜಿನ ನಂಬರು ಏರಿದಷ್ಟೂ ತಗಡು ತೆಳು, ಇದು ನೆನಪಿರಲಿ. ಅಳೆಯುವಾಗ ಡ್ರಾಯರಿನ ಅಂಚಿಗೆ ವರ್ನಿಯರ್ ಹಾಕಬೇಡಿ, ಅಲ್ಲಿ ತಗಡನ್ನು ಮಡಚಿರುತ್ತಾರೆ, ಡಬಲ್ ಬರುತ್ತದೆ. ಹಿಂಬದಿಯ ಯಾವುದಾದರೂ ತೂತಿನ ಅಂಚು ಹುಡುಕಿ.

ಚೌಕಟ್ಟು ನೋಡುವುದಕ್ಕೆ ಒಂದು ಟೇಪು ಸಾಕು. ಎದುರಿನ ಬಾಯಿಯನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆಯಿಂದ ಅಳೆಯಿರಿ. ಎರಡು ಅಳತೆಗೂ ಎರಡು ಮೂರು ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಯಾರೋ ಫೋರ್ಕ್‌ಲಿಫ್ಟಿನಿಂದಲೋ ಲಾರಿಯಿಂದಲೋ ಕೆಡವಿದ್ದಾರೆ ಅಂತ ಲೆಕ್ಕ. ಹೊಸ ಚಾನೆಲ್ಲು ಹಾಕಿದರೂ ಡ್ರಾಯರು ಕಚ್ಚುತ್ತಲೇ ಇರುತ್ತದೆ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಒಂದು ಜೇಬಿನಲ್ಲಿರಲಿ. ಅದು ಸಡಿಲವಾಗಿ ಹಿಡಿದ ಕಡೆ ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದಾರೆ. ಪೇಂಟು ಹೊಡೆದು ಹೊಸದರಂತೆ ಮಾಡಿ ಮಾರುವವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ, ತುಕ್ಕು ಕಾಣುತ್ತಿರುವ ಡಬ್ಬಿಯೇ ವಾಸಿ.

ಖರ್ಚಿನ ಲೆಕ್ಕ: ಟ್ರಾಲಿಗೆ 5,200 ರೂಪಾಯಿ, ಏಳು ಜೊತೆ ಚಾನೆಲ್ಲಿಗೆ 2,450, ನಾಲ್ಕು ಚಕ್ರಕ್ಕೆ 1,000, ಬೀಗ 150, ಪ್ರೈಮರು ಪೇಂಟು ಎಮರಿ ಎಲ್ಲ ಸೇರಿ 1,000, ವಾಪಸ್ ಬರುತ್ತಿದ್ದ ಟೆಂಪೋದಲ್ಲಿ ಹಾಕಿಸಿಕೊಂಡು ಬಂದಿದ್ದಕ್ಕೆ 800. ಒಟ್ಟು 10,600. ನನ್ನ ಕೂಲಿ ಸೇರಿಸಿಲ್ಲ, ಸೇರಿಸಿದರೆ ಹೊಸದೇ ಅಗ್ಗ. ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಈಗ ಚಾನೆಲ್ಲಿನ ವಿಷಯ. ಹಳೇ ಟ್ರಾಲಿಯಲ್ಲಿ ಕೆಲಸ ಜಾಸ್ತಿ ಇರುವುದು ಇಲ್ಲೇ, ಸ್ವಲ್ಪ ಉದ್ದ ಬರೆಯುತ್ತೇನೆ. ಡ್ರಾಯರು ಪೂರ್ತಿ ಎಳೆದಾಗ ಎರಡೂ ಪಕ್ಕದಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಸಣ್ಣ ನಾಲಿಗೆ ಕಾಣುತ್ತದೆ. ಒಂದು ಕಡೆಯದ್ದನ್ನು ಮೇಲಕ್ಕೆ ಒತ್ತಬೇಕು, ಇನ್ನೊಂದು ಕಡೆಯದ್ದನ್ನು ಕೆಳಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದು ಎಳೆದರೆ ಡ್ರಾಯರು ಕೈಗೆ ಬರುತ್ತದೆ. ಗೊತ್ತಿಲ್ಲದವರು ಎರಡನ್ನೂ ಕೆಳಕ್ಕೆ ಒತ್ತಿ, ಬರಲಿಲ್ಲ ಅಂತ ಜಗ್ಗಿ, ಚಾನೆಲ್ಲನ್ನೇ ಬಗ್ಗಿಸಿರುತ್ತಾರೆ. ನನ್ನ ಟ್ರಾಲಿಯ ಎರಡು ಡ್ರಾಯರಿಗೆ ಆಗಿದ್ದದ್ದೂ ಅದೇ. ಚಾನೆಲ್ಲಿನೊಳಗೆ ನೋಡಿದರೆ ಗ್ರೀಸು, ಗ್ರೀಸಿಗೆ ಅಂಟಿದ ಲೇತಿನ ಚೂರು, ಅದರ ಮೇಲೆ ಮತ್ತೆ ಗ್ರೀಸು. ಉಗುರಲ್ಲಿ ಕೆರೆದರೆ ಕಪ್ಪು ಮೇಣದ ತರ ಏಳುತ್ತಿತ್ತು, ಒಳಗೆ ಗುಂಡುಗಳು ತಿರುಗುವುದನ್ನೇ ನಿಲ್ಲಿಸಿ ಉಜ್ಜಿಕೊಂಡು ಒಂದು ಕಡೆ ಚಪ್ಪಟೆಯಾಗಿದ್ದವು. ನಮ್ಮವರಿಗೆ ತಿರುಗುವ ಏನು ಕಂಡರೂ ಗ್ರೀಸು ಹಚ್ಚುವ ಚಾಳಿ. ಡ್ರಾಯರಿಗೆ ಅದು ಬೇಡ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಲಿಗೆ ಮಷಿನ್ನಿನ ಎಣ್ಣೆ ಎರಡು ಹನಿ ಬಿಟ್ಟರೆ ಸಾಕು.

ಬದಲಿ ಚಾನೆಲ್ಲು ಪೀಠೋಪಕರಣದ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. 45 ಮಿಲಿಮೀಟರ್ ಎತ್ತರದ್ದು, 18 ಇಂಚು ಉದ್ದದ್ದು ಎಲ್ಲ ಊರಲ್ಲೂ ಇರುತ್ತದೆ. ಒಂದೊಂದು ಪಕ್ಕಕ್ಕೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ಜಾಗ ಬೇಕು. ತೊಂದರೆ ಎಲ್ಲಿ ಅಂದರೆ, ಕಾರ್ಖಾನೆಯ ಟ್ರಾಲಿಗಳಲ್ಲಿ ಚಾನೆಲ್ಲಿಗೆ ಕೊಕ್ಕೆ ಇರುತ್ತದೆ, ಚೌಕಟ್ಟಿನ ಸೀಳಿಗೆ ಸಿಕ್ಕಿಸಿ ಕೂರಿಸಿರುತ್ತಾರೆ. ಪೀಠೋಪಕರಣದ್ದಕ್ಕೆ ಕೊಕ್ಕೆ ಇಲ್ಲ, ಸ್ಕ್ರೂ ತೂತು ಮಾತ್ರ. ಹಾಗಾಗಿ ಹೊಸ ತೂತು ಕೊರೆದು 3.2 ಮಿಲಿಮೀಟರಿನ ಪಾಪ್ ರಿವೆಟ್ ಹೊಡೆಯಬೇಕು, ಅದಕ್ಕೆ ಡ್ರಿಲ್ ಬಿಟ್ 3.3 ಇರಲಿ. ರಿವೆಟ್ಟಿನ ತಲೆ ಚಾನೆಲ್ಲು ಓಡುವ ದಾರಿಗೆ ಅಡ್ಡ ಬಂದರೆ ಮುಗಿಯಿತು, ಆದ್ದರಿಂದ ಚಪ್ಪಟೆ ತಲೆಯದ್ದೇ ಕೇಳಿ ತನ್ನಿ. ಎಡಕ್ಕೂ ಬಲಕ್ಕೂ ಎತ್ತರ ಒಂದೇ ಬರಲು ನಾನು ಒಂದು ರಟ್ಟಿನ ಅಚ್ಚು ಕತ್ತರಿಸಿಕೊಂಡು, ಎರಡೂ ಕಡೆ ಅದನ್ನೇ ಇಟ್ಟು ಗುರುತು ಹಾಕಿದೆ. ಇಷ್ಟು ದಿನ ಆದ ಮೇಲೂ ಆರು ಡ್ರಾಯರು ಬೆರಳಿನಲ್ಲಿ ತಳ್ಳಿದರೆ ಹೋಗುತ್ತವೆ. ಐದನೆಯದು ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತದೆ, ಯಾಕೆ ಅಂತ ಸಿಕ್ಕಿಲ್ಲ, ಬೇಸಗೆಯಲ್ಲಿ ತಾನಾಗೇ ಸರಿ ಹೋಗುತ್ತದೆ.

ಬೀಗದ ಬಗ್ಗೆ ಜಾಸ್ತಿ ಇಲ್ಲ. ಹಿಂದೆ ಒಂದು ಉದ್ದ ಪಟ್ಟಿ ಇರುತ್ತದೆ, ಬೀಗ ತಿರುಗಿಸಿದರೆ ಅದು ಸರಿದು ಎಲ್ಲ ಡ್ರಾಯರನ್ನೂ ಹಿಡಿಯುತ್ತದೆ. ಬೀಗದ ಮುಖದ ಮೇಲೆ ನಂಬರು ಇದ್ದರೆ ಕೀಲಿಕೈ ಮಾಡುವವರಿಗೆ ತೋರಿಸಿ, ಇಲ್ಲದಿದ್ದರೆ 19 ಮಿಲಿಮೀಟರಿನ ಕ್ಯಾಮ್ ಬೀಗ ಹಾಕಿ. ನಾನು ಬೀಗ ಚಕ್ರ ಎರಡನ್ನೂ ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲೇ ತಂದೆ. ಚಕ್ರ ನಾಲ್ಕು ಇಂಚಿನದ್ದೇ ಇರಲಿ, ಎರಡಕ್ಕಾದರೂ ಬ್ರೇಕು ಬೇಕು. ಇನ್ನೊಂದು ಮಾತು. ಮೇಲಿನ ಡ್ರಾಯರುಗಳಲ್ಲಿ ಭಾರ ತುಂಬಿ ಮೂರು ನಾಲ್ಕನ್ನು ಒಟ್ಟಿಗೆ ಎಳೆದರೆ ಟ್ರಾಲಿ ಮುಗ್ಗರಿಸಿ ನಿಮ್ಮ ಕಾಲ ಮೇಲೇ ಬೀಳುತ್ತದೆ. ಸುತ್ತಿಗೆ, ದೊಡ್ಡ ಸ್ಪ್ಯಾನರು, ಪುಲ್ಲರು ಎಲ್ಲ ಕೆಳಗೆ. ಮಕ್ಕಳು ಓಡಾಡುವ ಮನೆಯಾದರೆ ಬೀಗ ಹಾಕಿಯೇ ಇಡಿ.

ತುಕ್ಕು. ಮೇಲ್ಮೈ ತುಕ್ಕಿಗೆ ಸಿಟ್ರಿಕ್ ಆಸಿಡ್ ಒಳ್ಳೆಯದು, ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಲೀಟರಿಗೆ 50 ಗ್ರಾಂ ಹಾಕಿ, ಬಿಡಿ ಭಾಗಗಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬ್ರಶ್ಶಿನಲ್ಲಿ ಉಜ್ಜಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಬೇಕು. ತಕ್ಷಣ ಅಂದರೆ ತಕ್ಷಣ, ಕಾಫಿ ಕುಡಿದು ಬರುವಷ್ಟರಲ್ಲಿ ಕಿತ್ತಳೆ ಬಣ್ಣ ಹತ್ತಿರುತ್ತದೆ. ಚಾನೆಲ್ಲನ್ನು ಮಾತ್ರ ಇದರಲ್ಲಿ ಮುಳುಗಿಸಬೇಡಿ, ಅದಕ್ಕೆ ಸತುವಿನ ಲೇಪ ಇರುತ್ತದೆ, ಆಸಿಡ್ಡು ಮೊದಲು ಅದನ್ನೇ ತಿನ್ನುತ್ತದೆ. ಬಚ್ಚಲು ತೊಳೆಯುವ ಆಸಿಡ್ಡಿನ ಬಾಟಲಿ ಶೆಡ್ಡಿನೊಳಗೆ ಇಡಲೇಬೇಡಿ. ಮುಚ್ಚಳ ಹಾಕಿದ್ದರೂ ಅದರ ಆವಿ ಸೋರಿ, ಕೋಣೆಯಲ್ಲಿರುವ ಸ್ಪ್ಯಾನರಿಗೆಲ್ಲ ತುಕ್ಕು ಬರುತ್ತದೆ.

ಹಳೇ ಪೇಂಟನ್ನು ಗ್ರೈಂಡರಿನಲ್ಲಿ ಕೆರೆಯುವವರಿಗೆ ಒಂದು ಎಚ್ಚರಿಕೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅಂತ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಕಾರ್ಖಾನೆಯ ಹಳೇ ಪೇಂಟಿನಲ್ಲಿ ಸೀಸ ಇದೆ ಅಂತಲೇ ಅಂದುಕೊಂಡು ಕೆಲಸ ಮಾಡಿ. ನೀರು ಹಾಕಿ ಎಮರಿಯಲ್ಲಿ ಉಜ್ಜಿ, ಮಾಸ್ಕ್ ಹಾಕಿ, ಮನೆ ಅಂಗಳದಲ್ಲಿ ಬೇಡ. ನಾನು ಹ್ಯಾಮರ್‌ಟೋನ್ ಗಟ್ಟಿ ಇದ್ದ ಕಡೆ ಕೆರೆಯಲೇ ಇಲ್ಲ. ಎದ್ದು ಬಂದ ಕಡೆ ಮಾತ್ರ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರು, ಮೇಲೆ ಇನಾಮಲ್. ತೇಪೆ ಕಾಣುತ್ತದೆ, ಕಾಣಲಿ. ಪೌಡರ್ ಕೋಟಿಂಗ್ ಮಾಡಿಸಿ ಅಂತ ಸ್ನೇಹಿತರು ಹೇಳಿದ್ದರು. ಅದಕ್ಕೆ ಒಲೆಯಲ್ಲಿ 180ರಿಂದ 200 ಡಿಗ್ರಿವರೆಗೆ ಕಾಯಿಸಬೇಕು, ಹಾಗಾಗಿ ಚಾನೆಲ್ಲು, ಬೀಗ, ಪ್ಲಾಸ್ಟಿಕ್ಕು ಎಲ್ಲ ಬಿಚ್ಚಿ ಕೊಡಬೇಕು, ಮಾಮೂಲಿ ಪುಟ್ಟಿ ಆ ಶಾಖಕ್ಕೆ ನಿಲ್ಲುವುದಿಲ್ಲ. ಶಿವಮೊಗ್ಗಕ್ಕೆ ಒಯ್ದು ತರುವ ಖರ್ಚೂ ಸೇರಿಸಿದರೆ ನನ್ನ ಮಟ್ಟಿಗೆ ದಂಡ.

ತುಕ್ಕಿಗಿಂತ ಕೆಟ್ಟದ್ದನ್ನು ನೋಡಿದ್ದು ಎರಡನೇ ಡಬ್ಬಿಯಲ್ಲಿ. ಟ್ರಾಲಿ ನೋಡಿ ಊರಿನ ಒಬ್ಬರು ತಮ್ಮ ತೋಟದ ಮನೆಯಲ್ಲಿದ್ದ ಐದು ಟ್ರೇಯ, ಎರಡೂ ಕಡೆ ರೆಕ್ಕೆ ಬಿಚ್ಚುವ ಕೈಡಬ್ಬಿ ಕೊಟ್ಟರು, 300 ರೂಪಾಯಿಗೆ. ಕೆಳಗಿನ ತಳದಲ್ಲಿ ನೀಲಿ-ಹಸಿರು ಪುಡಿ, ಅದರ ಸುತ್ತ ತಾಮ್ರದ ಕೆಂಪು ಪದರ, ನಡುವೆ ತೂತು. ನೋಡಿದ ಕೂಡಲೇ ಗೊತ್ತಾಯಿತು, ಬೋರ್ಡೋ, ಅಂದರೆ ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧಿ, ಅದನ್ನು ಹೊಡೆದ ನಾಜಲ್ಲುಗಳನ್ನು ತೊಳೆಯದೆ ತಂದು ಹಾಕಿದ್ದಾರೆ. ಮೈಲುತುತ್ತ (ತಾಮ್ರದ ಸಲ್ಫೇಟು) ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ತಾಮ್ರ ಕೂರುತ್ತದೆ. ಔಷಧಿಗೆ ಸುಣ್ಣ ಸಾಕಾಯಿತಾ ಅಂತ ಚಾಕು ಅದ್ದಿ ನೋಡುತ್ತೇವಲ್ಲ, ಚಾಕು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುತ್ತೇವಲ್ಲ, ಅದೇ ಆಟ ಇಲ್ಲಿ ಡಬ್ಬಿಯೊಳಗೆ ವರ್ಷಗಟ್ಟಲೆ ನಡೆದಿದೆ. ಅಡಿಕೆ ಸೀಮೆಯಲ್ಲಿ ಹಳೇ ಡಬ್ಬಿ ಕೊಳ್ಳುವವರು ಕೆಳಗಿನ ತಳವನ್ನು ಸ್ಕ್ರೂಡ್ರೈವರಿನಲ್ಲಿ ಚುಚ್ಚಿ ನೋಡಿ.

ಅದಕ್ಕೆ ವೆಲ್ಡಿಂಗ್ ಮಾಡಿಸಲು ಹೋಗಲಿಲ್ಲ. ಅಷ್ಟು ತೆಳು ತಗಡಿಗೆ ಮಾಮೂಲಿ ಆರ್ಕ್ ವೆಲ್ಡಿಂಗ್ ಇಟ್ಟರೆ ಇದ್ದ ತೂತು ದೊಡ್ಡದಾಗುತ್ತದೆ. ತಿಂದುಹೋದ ಭಾಗ ಕತ್ತರಿಸಿ ತೆಗೆದು, 18 ಗೇಜಿನ ತುಂಡು ಇಟ್ಟು, ಎರಡರ ನಡುವೆ ಹಸಿ ಪ್ರೈಮರು ಬಳಿದು ರಿವೆಟ್ ಹೊಡೆದೆ. ರೆಕ್ಕೆಯ ಪಟ್ಟಿಗಳ ರಿವೆಟ್ಟು ಸವೆದು ಟ್ರೇಗಳು ಜೋತಿದ್ದವು. ಈ ಮಾದರಿಯ ಡಬ್ಬಿ ಯಾವುದೇ ಇರಲಿ, ಮೊದಲು ಹೋಗುವುದು ಅದೇ. ಅವನ್ನು ಕೊರೆದು ತೆಗೆದು 5 ಮಿಲಿಮೀಟರಿನ ಬೋಲ್ಟು, ನಡುವೆ ನೈಲಾನ್ ವಾಶರ್, ಹೊರಗೆ ತಾನಾಗೇ ಸಡಿಲವಾಗದ ನೈಲಾಕ್ ನಟ್ಟು. ಪೂರ್ತಿ ಬಿಗಿದು ಕಾಲು ಸುತ್ತು ಹಿಂದೆ ಬಿಟ್ಟರೆ ಟ್ರೇ ಅಲ್ಲಾಡದೆ ಏಳುತ್ತದೆ. ಈಗ ಹೊರಗೆ ಕೆಲಸಕ್ಕೆ ಹೋಗುವಾಗ ಅದೇ ಡಬ್ಬಿ ಬೈಕಿನಲ್ಲಿ ಬರುತ್ತದೆ.

ಡ್ರಾಯರಿನೊಳಗೆ ಏನು ಹಾಸಬೇಕು ಅನ್ನುವುದರ ಬಗ್ಗೆ ಒಂದು ತಕರಾರಿದೆ. ಅಮೆರಿಕದವರ ವಿಡಿಯೊಗಳಲ್ಲಿ ಕೆನಡಿ ಕಂಪನಿಯ ಕಂದು ಬಣ್ಣದ ಹಳೇ ಪೆಟ್ಟಿಗೆಗಳಿಗೆ ಹಸಿರು ಉಣ್ಣೆ ಬಟ್ಟೆ ಅಂಟಿಸುವುದನ್ನು ನೋಡಿ ನಮ್ಮ ಹುಡುಗರೂ ಹಾಗೇ ಮಾಡುತ್ತಾರೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬಟ್ಟೆ ಬೇಡ. ಅದು ನೀರು ಹೀರಿಕೊಂಡು ಸ್ಪ್ಯಾನರಿನ ಹೊಟ್ಟೆಗೆ ಒತ್ತಿ ಹಿಡಿಯುತ್ತದೆ. ಫೋಮ್ ಶೀಟು ಹಾಕಿ, ಕೊಳಕಾದರೆ ಕಿತ್ತು ಒಗೆಯಿರಿ. ಟ್ರಾಲಿಯನ್ನು ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿ. ಕೆಳಗಿನ ಖಾನೆಯಲ್ಲಿ ನಾನು ಮಳೆಗಾಲ ಪೂರ್ತಿ 15 ವಾಟಿನ ಬಲ್ಬು ಉರಿಸುತ್ತೇನೆ, ಸುತ್ತ ಜಾಲರಿ ಹಾಕಿ, ಹತ್ತಿರ ಪೆಟ್ರೋಲು, ಎಣ್ಣೆ ಬಟ್ಟೆ ಏನೂ ಇಲ್ಲದಂತೆ. ಒಳಗೆ ಹೊರಗಿಗಿಂತ ಸ್ವಲ್ಪ ಬೆಚ್ಚಗಿದ್ದರೆ ಬೆವರುವುದಿಲ್ಲ. ನಮ್ಮ ಅಜ್ಜಿ ಬೀಜ ಕೆಡದಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರಲ್ಲ, ಲೆಕ್ಕ ಅದೇ. ಕರೆಂಟು ಹೋದ ದಿನಗಳಿಗೆ ಸಿಲಿಕಾ ಜೆಲ್ ಚೀಲ ಇದೆ, ಅಷ್ಟೇನೂ ಸಾಲದು, ಅದಿಲ್ಲದೆ ಇರುವುದಕ್ಕಿಂತ ಪರವಾಗಿಲ್ಲ.

ಮತ್ತೆ ಕೊಳ್ಳುತ್ತೀಯಾ ಅಂತ ಕೇಳಿದರೆ, ಇದೇ ದಪ್ಪದ ತಗಡು ಸಿಕ್ಕರೆ ಹೌದು. ಆದರೆ ಮನೆಯಲ್ಲಿ ನಾಲ್ಕು ಸ್ಕ್ರೂಡ್ರೈವರು, ಒಂದು ಡ್ರಿಲ್ಲು ಇಟ್ಟುಕೊಂಡವರು ಸುಮ್ನೆ ಇದಕ್ಕೆ ಕೈ ಹಾಕಬೇಡಿ, ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ತುಕ್ಕಿನ ಗೊಡವೆಯೇ ಇಲ್ಲ. ನನಗೆ ಬಾಕಿ ಇರುವುದು ಮುಚ್ಚಳ ಎತ್ತುವ ಗ್ಯಾಸ್ ಸ್ಟ್ರಟ್. ಹಳೆಯದರಲ್ಲಿ ಒತ್ತಡ ಹೋಗಿದೆ, ಮುಚ್ಚಳ ತಲೆ ಮೇಲೇ ಬೀಳುತ್ತದೆ. ಅದರ ಮೈಮೇಲೆ 100 ನ್ಯೂಟನ್ ಅಂತ ಅಚ್ಚಾಗಿದೆ, ಅಷ್ಟೇ ಬಲದ್ದು, ಅಷ್ಟೇ ಉದ್ದದ್ದು ಇನ್ನೂ ಸಿಕ್ಕಿಲ್ಲ. ಕಾರಿನ ಡಿಕ್ಕಿಯದ್ದು ಬಲ ಜಾಸ್ತಿ, ಹಾಕಿದರೆ ತಗಡೇ ಬಗ್ಗುತ್ತದೆ. ಅಲ್ಲಿಯವರೆಗೆ ಅಡಿಕೆ ದಬ್ಬೆಯ ತುಂಡೊಂದನ್ನು ಊರೆ ಕೊಟ್ಟಿದ್ದೇನೆ.