ಡೇಟಾವೆಲ್ ವೇವ್‌ರೈಡರ್ ಎಂಕೆ-3: ಅಂಕಿ ನಂಬಬಹುದು, ಓದುವ ಮೊದಲು ಸ್ಪೆಕ್ಟ್ರಮ್ ನೋಡಿ

ನೆದರ್ಲೆಂಡ್ಸ್‌ನ ಈ ಹಳದಿ ಬೋಯ್ (ಕಡಲಲ್ಲಿ ತೇಲುತ್ತ ಅಲೆ ಅಳೆಯುವ ಉಪಕರಣ) ಅಲೆಯ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಅಳೆಯುವುದು ವೇಗೋತ್ಕರ್ಷವನ್ನು, ಅದನ್ನು ಎರಡು ಸಲ ಇಂಟಿಗ್ರೇಟ್ ಮಾಡಿ (ಕಾಲದುದ್ದಕ್ಕೂ ಕೂಡಿಸುತ್ತ ಹೋಗಿ) ಏರಿಳಿತ ಪಡೆಯುತ್ತದೆ. ಸೆಕೆಂಡಿಗೆ 1.28 ಮಾದರಿ, 200 ಸೆಕೆಂಡಿಗೊಂದು ಎಫ್‌ಎಫ್‌ಟಿ (ಏರಿಳಿತವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ), ಅಂಥ ಎಂಟರ ಸರಾಸರಿಯೇ ಅರ್ಧ ಗಂಟೆಯ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಅಲೆಶಕ್ತಿ ಇದೆ ಎಂಬ ಗ್ರಾಫ್.

ಗಣನೀಯ ಅಲೆ ಎತ್ತರಕ್ಕೆ (ಸುಮಾರಾಗಿ, ಅತಿ ಎತ್ತರದ ಮೂರನೇ ಒಂದು ಭಾಗ ಅಲೆಗಳ ಸರಾಸರಿ) ಇದು ಬಹಳ ಗಟ್ಟಿ. ಸ್ಪೆಕ್ಟ್ರಮ್‌ನ ಕೆಳಗಿನ ವಿಸ್ತೀರ್ಣ 0.25 ಚದರ ಮೀಟರ್ ಬಂದರೆ, ಅದರ ವರ್ಗಮೂಲದ ನಾಲ್ಕು ಪಟ್ಟು, ಅಂದರೆ 2 ಮೀಟರ್.

ತೊಂದರೆ ಪೀಕ್ ಅವಧಿಯಲ್ಲಿ, ಅಂದರೆ ಅತಿ ಹೆಚ್ಚು ಶಕ್ತಿಯಿರುವ ಅಲೆಗಳ ಅವಧಿಯಲ್ಲಿದೆ. 0.1 ಹರ್ಟ್ಜ್‌ಗಿಂತ ಕೆಳಗೆ ಸ್ಪೆಕ್ಟ್ರಮ್‌ನ ಒಂದು ಬಿಂದುವಿನಿಂದ ಮುಂದಿನದಕ್ಕೆ ಹಂತ 0.005 ಹರ್ಟ್ಜ್. ಅವಧಿ ಎಂದರೆ ಒಂದನ್ನು ಆವರ್ತನದಿಂದ ಭಾಗಿಸಿದ್ದು, ಹಾಗಾಗಿ 14.3 ಸೆಕೆಂಡಿನ ಪಕ್ಕದ ಬೆಲೆ 13.3, ನಡುವೆ ಏನೂ ಇಲ್ಲ. ಗ್ರಾಫ್ ಮೆಟ್ಟಿಲಿನಂತೆ ಕಂಡರೆ ಬೋಯ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮುಂಗಾರಿಗೆ ಮೊದಲು ನಮ್ಮ ಕರಾವಳಿಯಲ್ಲಿ ದಕ್ಷಿಣ ಸಾಗರದ ಉದ್ದ ಅಲೆಗಳ ಮೇಲೆ ಮಧ್ಯಾಹ್ನದ ಕಡಲಗಾಳಿಯ ಗಿಡ್ಡ ಅಲೆಗಳು ಸೇರಿ ಎರಡು ಶಿಖರ ಮೂಡುತ್ತವೆ. ಆಗ ಪೀಕ್ ಅವಧಿ ಅತ್ತಿತ್ತ ಜಿಗಿಯುತ್ತದೆ, ಸರಾಸರಿ ಅವಧಿ ಎರಡಕ್ಕೂ ಸಲ್ಲದ ಅಂಕಿ ಕೊಡುತ್ತದೆ. ಉದ್ದ ಅಲೆ, ಗಿಡ್ಡ ಅಲೆ ಎರಡನ್ನೂ ಬೇರ್ಪಡಿಸಿಯೇ ಲೆಕ್ಕ ಹಾಕಿ.

0.04 ಹರ್ಟ್ಜ್‌ಗಿಂತ ಕೆಳಗೆ ದಿಢೀರ್ ಶಕ್ತಿ ಕಂಡರೆ ಅನುಮಾನಿಸಿ. ಇಂಟಿಗ್ರೇಶನ್ ಅಲ್ಲಿನ ಸಣ್ಣ ದೋಷವನ್ನೂ ಹಿಗ್ಗಿಸುತ್ತದೆ. ಸಾಗಿಸುವಾಗ ಬೋಯನ್ನು ಬುಗುರಿಯಂತೆ ತಿರುಗಿಸಲೇಬಾರದು, ಒಳಗಿನ ಸೆನ್ಸರ್ ಹಾಳಾಗುತ್ತದೆ. ಲಂಗರಿಗೆ ಕಟ್ಟುವಾಗ ರಬ್ಬರ್ ಹಗ್ಗದ ಖರ್ಚು ಉಳಿಸಲು ಬರೀ ಸರಪಳಿ ಕಟ್ಟುವುದಂತೂ ಶುದ್ಧ ಜಿಪುಣತನ: ಬೋಯ್ ಅಲೆಯ ಜೊತೆ ಏಳಲಾರದು.