ಬಣ್ಣ ತುಂಬುವ ಪುಸ್ತಕವೇ, ಖಾಲಿ ಹಾಳೆಯೇ, ಅಂಗಳದ ಖಡುವೇ: ಮಗಳೊಂದಿಗೆ ಐದು ತಿಂಗಳು ಮಾಡಿ ನೋಡಿದ್ದು

ನಮ್ಮ ಮನೆ ಧಾರವಾಡದಲ್ಲಿ, ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸು ಹಿಡಿದು ಮನೆ ಸೇರುವಾಗ ಸಂಜೆ ಏಳು ದಾಟಿರುತ್ತದೆ. ಊಟಕ್ಕೆ ಮೊದಲಿನ ಮುಕ್ಕಾಲು ಗಂಟೆ ನನ್ನದು ಮತ್ತು ನಾಲ್ಕೂವರೆ ವರ್ಷದ ಮಗಳದು. ಕಳೆದ ಮಾರ್ಚ್‌ನಿಂದ ಆ ಹೊತ್ತಿನಲ್ಲಿ ಇಬ್ಬರೂ ಕುಳಿತು ಚಿತ್ರ ತೆಗೆಯುತ್ತಿದ್ದೇವೆ. ಏನು ಕೊಟ್ಟರೆ ಅವಳ ಕೈಯಿಂದ ಅವಳದೇ ಆದ ಚಿತ್ರ ಬರುತ್ತದೆ ಎಂದು ತಿಳಿಯುವ ಹಂಬಲ ನನಗಿತ್ತು. ಹಾಗಾಗಿ ಒಂದೊಂದು ಸಾಧನವನ್ನು ಎರಡೆರಡು ವಾರ ಇಟ್ಟು ನೋಡಿದೆ. ಚಿತ್ರ ಚೆಂದವಾಯಿತೋ ಇಲ್ಲವೋ ಎಂದು ಅಳೆಯಲಿಲ್ಲ. ಚಿತ್ರ ತೆಗೆಯುವಾಗ ಅವಳು ನನ್ನನ್ನು ಏನು ಕೇಳುತ್ತಾಳೆ ಎಂಬುದಕ್ಕೆ ಕಿವಿಗೊಟ್ಟೆ.

ಮೊದಲು ತಂದದ್ದು ಬಣ್ಣ ತುಂಬುವ ಪುಸ್ತಕ. ಸುಭಾಸ ರಸ್ತೆಯ ಅಂಗಡಿಯಲ್ಲಿ ಅವಳೇ ಆರಿಸಿದಳು. ಗಿಳಿ, ಮಾವಿನಹಣ್ಣು, ಆನೆ, ಬಸ್ಸು ಎಲ್ಲ ಇದ್ದವು. ಮೊದಲ ದಿನ ಇಪ್ಪತ್ತು ನಿಮಿಷ ತಲೆ ಎತ್ತಲಿಲ್ಲ. ಆದರೆ ಮೂರನೆಯ ದಿನದ ಹೊತ್ತಿಗೆ ಅವಳ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನವಾದವು. "ಅಪ್ಪಾ, ಇದಕ್ಕೆ ಯಾವ ಬಣ್ಣ?" "ಗೆರೆಯ ಹೊರಗೆ ಹೋಯಿತೇ?" "ಸರಿ ಇದೆಯೇ?" ಗಿಳಿಗೆ ನೀಲಿ ಬಳಿಯಬಹುದೇ ಎಂದು ನನ್ನ ಅನುಮತಿ ಕೇಳಿದಳು. ಬಳಿ ಎಂದೆ. ಆದರೂ ಕೊನೆಗೆ ಹಸಿರನ್ನೇ ಬಳಿದಳು, ಪಕ್ಕದಲ್ಲಿ ಮಾದರಿಯ ಗಿಳಿ ಹಸಿರಾಗಿತ್ತು.

ಖಾಲಿ ಹಾಳೆಯ ವಾರಗಳಲ್ಲಿ ಪ್ರಶ್ನೆಗಳೇ ತಿರುಗಿಬಿದ್ದವು. "ಇದು ಯಾರು, ಹೇಳು ನೋಡೋಣ?" "ಇವನು ಯಾಕೆ ಅಳುತ್ತಿದ್ದಾನೆ, ಗೊತ್ತೇ?" ಈಗ ಉತ್ತರ ಅವಳ ಬಳಿ ಇತ್ತು, ನಾನು ಊಹಿಸಬೇಕಿತ್ತು. ಎರಡರ ನಡುವಿನ ಅಂತರ ನನಗೆ ಬಿಚ್ಚಿ ಕಂಡದ್ದು ಬಸ್ಸಿನ ಚಿತ್ರದಲ್ಲಿ. ಪುಸ್ತಕದ ಬಸ್ಸಿಗೆ ಅವಳು ಕೆಂಪು ಬಣ್ಣ ತುಂಬಿದ್ದಳು, ನಾಲ್ಕು ಮೂಲೆಯೂ ಅಚ್ಚುಕಟ್ಟು. ಹಾಳೆಯ ಮೇಲೆ, ಅಪ್ಪ ಬರುವ ಬಸ್ಸು ತೆಗೆಯುತ್ತೇನೆ ಎಂದವಳು ಅದಕ್ಕೆ ನಾಲ್ಕು ಕಾಲು ತೆಗೆದಳು, ತಲೆಯ ಮೇಲೆ ಕೊಂಬು ಮೂಡಿಸಿದಳು. ನಮ್ಮ ಕಡೆ ಚಿಗರಿ ಎಂದರೆ ಜಿಂಕೆಯಲ್ಲವೇ? ಅಜ್ಜಿಯ ಬಾಯಲ್ಲಿ ಚಿಗರಿಯ ಕಥೆ ಕೇಳಿದ ಮಗುವಿಗೆ ಆ ಹೆಸರಿನ ಬಸ್ಸಿಗೆ ಕಾಲು ಕೊಂಬು ಇರಲೇಬೇಕು. ಹೊಟ್ಟೆಯೊಳಗೆ ಸಾಲಾಗಿ ಆರು ಮುಖ. ಅವುಗಳಲ್ಲಿ ಒಂದು ಉಳಿದ ಐದೂ ಸೇರಿದಷ್ಟು ದೊಡ್ಡದು, ಅದು ನಾನು.

ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ ಸುಮಾರು ಎರಡರಿಂದ ನಾಲ್ಕು ವರ್ಷದವರೆಗಿನದನ್ನು ಗೀಚುವ ಹಂತವೆಂದೂ, ನಾಲ್ಕರಿಂದ ಏಳರವರೆಗಿನದನ್ನು ಮಗು ತನ್ನದೇ ಗುರುತುಗಳನ್ನು ಹುಡುಕಿಕೊಳ್ಳುವ ಹಂತವೆಂದೂ ಗುರುತಿಸಿದರು. ಈ ವಯಸ್ಸಿನಲ್ಲಿ ಮಗು ಕಣ್ಣಿಗೆ ಕಂಡ ಅಳತೆಯನ್ನು ತೆಗೆಯುವುದಿಲ್ಲ, ಮನಸ್ಸಿಗೆ ದೊಡ್ಡದಾದದ್ದನ್ನು ದೊಡ್ಡದಾಗಿ ತೆಗೆಯುತ್ತದೆ. ಬಣ್ಣ ತುಂಬುವ ಪುಸ್ತಕಗಳನ್ನು ಅವರು ಕಟುವಾಗಿ ವಿರೋಧಿಸಿದವರು. ನಾನು ಅಷ್ಟು ದೂರ ಹೋಗಲಾರೆ. ಅವಳಿಗೆ ಜ್ವರ ಬಂದು ಮಲಗಿದ್ದಾಗ, ಗದಗಕ್ಕೆ ರೈಲಿನಲ್ಲಿ ಹೋಗುವಾಗ ಆ ಪುಸ್ತಕವೇ ನೆರವಿಗೆ ಬಂತು. ಬೆರಳಿನ ಹಿಡಿತವೂ ಅದರಿಂದ ಸುಧಾರಿಸಿತು. ಆದರೆ ಅದು ಕೈಗೆ ಕೊಟ್ಟ ಕೆಲಸ, ಅವಳ ಚಿತ್ರವಲ್ಲ.

ಸಾಧನಗಳಿಗಿಂತ ಹೆಚ್ಚು ಕಲಿಸಿದ್ದು ನನ್ನದೇ ಒಂದು ತಪ್ಪು. ಕಾಲುಗಳಿದ್ದ ಆ ಬಸ್ಸಿನ ಪಕ್ಕದಲ್ಲೇ, ಅವಳದೇ ಹಾಳೆಯ ಮೇಲೆ, ನಾನೊಂದು "ಸರಿಯಾದ" ಬಸ್ಸು ತೆಗೆದು ತೋರಿಸಿದೆ: ಗಾಲಿ, ಕಿಟಕಿ, ಬಾಗಿಲು. ಅವಳು ಎರಡನ್ನೂ ನೋಡಿದಳು. ಬಣ್ಣದ ಕಡ್ಡಿಯನ್ನು ನನ್ನ ಕಡೆ ಸರಿಸಿ, "ನೀನೇ ತೆಗೆ ಅಪ್ಪಾ, ನನಗೆ ಬರುವುದಿಲ್ಲ" ಎಂದಳು. ಆಮೇಲೆ ಒಂದು ವಾರ ಅದೇ ಮಾತು. ಆನೆ ತೆಗೆ, ಮನೆ ತೆಗೆ, ಅಜ್ಜಿಯನ್ನು ತೆಗೆ. ಅವಳು ಬಣ್ಣ ತುಂಬುವುದಷ್ಟೇ. ನಾನೇ ಒಂದು ಬಣ್ಣ ತುಂಬುವ ಪುಸ್ತಕವಾಗಿಬಿಟ್ಟಿದ್ದೆ. ಆ ವಾರವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಲ್ಲಿಂದ ಮುಂದೆ ಜೊತೆಗೆ ಕೂರುವ ರೀತಿಯನ್ನೇ ಬದಲಿಸಿ ನೋಡಿದೆ. ಒಂದು ರೀತಿ, ಒಂದೇ ಹಾಳೆಯಲ್ಲಿ ಸರದಿ: ಅವಳದೊಂದು ಗೆರೆ, ನನ್ನದೊಂದು ಗೆರೆ. ನಗು ತುಂಬ ಬಂತು, ಆದರೆ ಅವಳ ಮನಸ್ಸಿನಲ್ಲಿದ್ದದ್ದು ನಡುವೆ ಎಲ್ಲೋ ಕಳೆದುಹೋಗುತ್ತಿತ್ತು. ಇನ್ನೊಂದು, ಇಬ್ಬರಿಗೂ ಬೇರೆ ಬೇರೆ ಹಾಳೆ. ಅವಳು ತೆಗೆಯುವುದನ್ನು ನಾನು ತೆಗೆಯಬಾರದು. ಆ ದಿನ ಕಂಡದ್ದೇನಾದರೂ, ಉಣಕಲ್ ಕೆರೆಯ ದಂಡೆಯ ಒಂದು ಮರ, ನನ್ನ ಊಟದ ಡಬ್ಬಿ, ನಿಧಾನವಾಗಿ ತೆಗೆಯಬೇಕು. ಅವಳ ಚಿತ್ರದ ಬಗ್ಗೆ "ಚೆನ್ನಾಗಿದೆ" ಎನ್ನುವ ಬದಲು "ಇಲ್ಲಿ ಏನಾಗುತ್ತಿದೆ?" ಎಂದು ಕೇಳಬೇಕು. ಎರಡನೆಯದೇ ಗೆದ್ದಿತು. ಒಂಬತ್ತನೆಯ ಸಂಜೆ ಅವಳು ಕಡ್ಡಿ ಎತ್ತಿಕೊಂಡು ತಾನಾಗಿ ಶುರು ಮಾಡಿದಳು.

ಬಣ್ಣಗಳ ಮಾತು. ಮೇಣದ ಕ್ರೇಯಾನ್ ಅಗ್ಗ, ಕೈಗೆ ಅಂಟುವುದಿಲ್ಲ, ಆದರೆ ಗಟ್ಟಿ. ಬಣ್ಣ ಏಳಲು ಒತ್ತಬೇಕು, ಹತ್ತು ನಿಮಿಷಕ್ಕೆ ಪುಟ್ಟ ಕೈ ಸೋಲುತ್ತದೆ. ದಪ್ಪನೆಯದನ್ನು ಕೊಂಡು, ಮೇಲಿನ ಕಾಗದ ಸುಲಿದು, ಅಡ್ಡಲಾಗಿ ಉಜ್ಜಲು ಕೊಟ್ಟರೆ ಆ ಕಷ್ಟ ಅರ್ಧ ತಗ್ಗುತ್ತದೆ. ಆಯಿಲ್ ಪೇಸ್ಟಲ್ ಮುಟ್ಟಿದರೆ ಸಾಕು, ಬಣ್ಣ ಉಕ್ಕುತ್ತದೆ. ಅದರಲ್ಲಿರುವ ಎಣ್ಣೆ ಒಣಗದ ಜಾತಿಯದು, ಆದ್ದರಿಂದ ಚಿತ್ರ ವಾರ ಕಳೆದರೂ ಅಂಗಿಗೆ ಹತ್ತುತ್ತದೆ. ಚಿತ್ರಗಳ ನಡುವೆ ಹಳೆಯ ಪತ್ರಿಕೆ ಇಟ್ಟು ಜೋಡಿಸಬೇಕು. ಆದರೂ ಅವಳ ದಿಟ್ಟ ಚಿತ್ರಗಳೆಲ್ಲ ಬಂದದ್ದು ಪೇಸ್ಟಲ್‌ನಲ್ಲಿ. ಸ್ಕೆಚ್ ಪೆನ್ನಿನ ತುದಿ ಒಳಗೆ ಹೋಗುತ್ತದೆ, ಮುಚ್ಚಳ ಮರೆತರೆ ಒಣಗುತ್ತದೆ. ರೆಪ್ಪೆ, ಮೂಗುತಿ ತೆಗೆಯಲು ಮಾತ್ರ ಅದೇ ಬೇಕು ಎನ್ನುತ್ತಾಳೆ. ಜಲವರ್ಣ ಭಾನುವಾರಕ್ಕೆ ಮೀಸಲು. ಜೆರಾಕ್ಸ್ ಅಂಗಡಿಯ ತೆಳು ಹಾಳೆ ನೀರು ತಾಕಿದೊಡನೆ ಮುದುಡುತ್ತದೆ, ದಪ್ಪ ಡ್ರಾಯಿಂಗ್ ಹಾಳೆಯೇ ಬೇಕು. ಬಿಳಿ ಹಾಳೆಯ ಮೇಲೆ ಬಿಳಿ ಪೇಸ್ಟಲ್‌ನಿಂದ ಗೆರೆ ಎಳೆದು ಮೇಲೆ ನೀಲಿ ನೀರು ಬಳಿದರೆ, ಮೇಣ ನೀರನ್ನು ತಳ್ಳಿ, ಕಾಣದ ಗೆರೆಗಳೆಲ್ಲ ಎದ್ದುಬರುತ್ತವೆ. ಅವಳು ಹಾಗೆ ಮಾಡಿದ್ದು ಧಾರವಾಡದ ಜಿಟಿಜಿಟಿ ಮಳೆ. ಮೊಬೈಲಿನ ಬಣ್ಣದ ಆಟವನ್ನು ಒಂದೇ ಸಂಜೆಗೆ ನಿಲ್ಲಿಸಿದೆ. ಬೆರಳು ತಾಗಿಸಿದರೆ ಇಡೀ ಜಾಗ ತುಂಬುತ್ತದೆ, ಕೈಗೆ ಕೆಲಸವೇ ಇಲ್ಲ.

ಈ ಎಲ್ಲವನ್ನೂ ಮೀರಿಸಿದ್ದು ಅಂಗಳ. ಬೇಸಿಗೆಯ ರಜೆಯಲ್ಲಿ ಬಣ್ಣದ ಖಡುಗಳ, ಅಂದರೆ ಸೀಮೆಸುಣ್ಣದ ಕಡ್ಡಿಗಳ, ಒಂದು ಪೆಟ್ಟಿಗೆ ತಂದು ಮನೆಯ ಮುಂದಿನ ಶಹಾಬಾದ್ ಕಲ್ಲಿನ ಮೇಲೆ ಬಿಟ್ಟೆ. ಅಲ್ಲಿ ಅವಳು ಕೇಳಿದ ಪ್ರಶ್ನೆ ಒಂದೂ ಇಲ್ಲ. ಹಾಳೆಯ ಮೇಲೆ ಬೆರಳು ಮಾತ್ರ ಓಡುತ್ತದೆ, ಅಂಗಳದಲ್ಲಿ ಇಡೀ ಮೈ ಚಿತ್ರ ತೆಗೆಯುತ್ತದೆ. ನಡೆಯುತ್ತ, ಕೂರುತ್ತ, ತನ್ನೊಳಗೇ ಮಾತಾಡುತ್ತ, ಅಜ್ಜಿಯ ರಂಗೋಲಿಯ ಅಂಚಿನಿಂದ ಗೇಟಿನವರೆಗೆ ಒಂದು ದಾರಿ ಎಳೆದಳು. ಒಂದು ಕೊಡ ನೀರು ಸುರಿದರೆ ಎಲ್ಲ ಹೋಗುತ್ತದೆ ಎಂದು ಅವಳಿಗೆ ಗೊತ್ತು. ಉಳಿಯುವುದಿಲ್ಲ ಎಂದು ಗೊತ್ತಿರುವ ಕಡೆ ಕೆಡುವ ಭಯವಿಲ್ಲ. ಪಾಟಿ ಮತ್ತು ಬಳಪದಲ್ಲೂ ಇದೇ ಗುಣ ಕಂಡೆ, ಆದರೆ ಪಾಟಿಯ ಮೇಲೆ ಅವಳಿಗೆ ಅಕ್ಷರ ನೆನಪಾಗುತ್ತದೆ, ಅ ಬರೆಯಲು ಕೂರುತ್ತಾಳೆ.

ಮಾದರಿ ಕೊಡಲೇಬಾರದು ಎಂಬ ನನ್ನ ಹಟವನ್ನು ಸಡಿಲಿಸಿದವಳು ನನ್ನ ಅವ್ವ. ಅವಳ ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಕಸೂತಿಯ ತೇರು, ಆನೆ, ಗೋಪುರ ಇವೆ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಗವಂತಿ, ಮುರಗಿ ಹೊಲಿಗೆ ಹಾಕುತ್ತ ಹೋಗುತ್ತಾರೆ. "ನಮಗೂ ಮಾದರಿ ಇತ್ತು, ಆದರೆ ಅದು ಕಣ್ಣ ಮುಂದೆ ಇರಲಿಲ್ಲ, ತಲೆಯಲ್ಲಿ ಇತ್ತು" ಎಂದಳು ಅವ್ವ. ಮೊಮ್ಮಗಳಿಗೆ ಸೆರಗನ್ನು ತೋರಿಸಿ, ಬೆರಳಾಡಿಸಲು ಬಿಟ್ಟು, ಮಡಚಿ ಒಳಗಿಟ್ಟ ಮೇಲೆ ಹಾಳೆ ಕೊಟ್ಟಳು. ಹುಡುಗಿ ತೆಗೆದ ತೇರಿಗೆ ಏಳು ಗಾಲಿ, ಮೇಲೆ ಮಣ್ಣೆತ್ತಿನ ಅಮಾವಾಸ್ಯೆಗೆ ತಂದಿದ್ದ ಜೋಡಿ ಎತ್ತು.

ಈಗ ಕಪಾಟಿನಲ್ಲಿ ಇರುವುದು ಇಷ್ಟು: ಒಂದು ಬದಿ ಬಳಸಿದ ಹಾಳೆಗಳ ಕಟ್ಟು, ಪೇಸ್ಟಲ್ ಪೆಟ್ಟಿಗೆ, ಕಪ್ಪು ಸ್ಕೆಚ್ ಪೆನ್ನು ಎರಡು, ಮಳೆ ಬಿಟ್ಟ ದಿನಗಳಿಗೆ ಖಡು. ಬಣ್ಣ ತುಂಬುವ ಪುಸ್ತಕ ಪ್ರಯಾಣದ ಚೀಲದಲ್ಲಿದೆ. ನಿನ್ನೆ ಅವಳು ನನ್ನ ಹಾಳೆಯತ್ತ ಬಗ್ಗಿ, ನಾನು ತೆಗೆದಿದ್ದ ಬಸ್ಸನ್ನು ಬಹಳ ಹೊತ್ತು ನೋಡಿದಳು. "ಅಪ್ಪಾ, ನಿನ್ನ ಚಿಗರಿಗೆ ಕೊಂಬು ತೆಗೆಯಲು ಬರುವುದಿಲ್ಲವೇ? ನಾನು ಹೇಳಿಕೊಡಲೇ?" ಎಂದು ಕೇಳಿದಳು. ಪೇಸ್ಟಲ್ ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದೆ.