ನೀರೋ ಗಾಳಿಯೋ: ಡೊಂಬಿವಲಿಯ ಬೇಸಿಗೆಯಲ್ಲಿ ನನ್ನ ಪ್ರೊಸೆಸರ್

ಮೇ ತಿಂಗಳು, ರಾತ್ರಿ ಹನ್ನೊಂದು ಗಂಟೆ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ 33 ಡಿಗ್ರಿ. ಮೂಲೆಯ ಕಂಪ್ಯೂಟರ್ ಅರ್ಧ ಗಂಟೆಯಿಂದ ಗುಂಯ್‌ಗುಡುತ್ತಿತ್ತು. ಪ್ರೊಸೆಸರ್ ಬಿಸಿ 90ಕ್ಕೆ ಹೋಗಿ ಅಲ್ಲೇ ಅಂಟಿಕೊಂಡಿತ್ತು. ಒಳಗಿನಿಂದ ಅಮ್ಮ, "ಏನೋ ಅದು, ಹಿಟ್ಟಿನ ಗಿರಣಿ ಇಟ್ಕೊಂಡಿದ್ದೀಯಾ?" ಎಂದರು.

ಮುಂಬಯಿಯಲ್ಲಿ ನಮ್ಮವರು ಆಡಿಸುವ ಯಕ್ಷಗಾನಗಳನ್ನು ವಿಡಿಯೋ ಮಾಡುವುದು ನನ್ನ ಹವ್ಯಾಸ. 4ಕೆ ಫೈಲುಗಳು ಸಿಕ್ಕಾಪಟ್ಟೆ ದೊಡ್ಡವು. ಅವನ್ನು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ, ಎಕ್ಸ್265 ಎಂಬ ಎನ್‌ಕೋಡರ್ ಬಳಸಿ ಚಿಕ್ಕದು ಮಾಡಿ ಇಡುತ್ತೇನೆ. ಎನ್‌ಕೋಡ್ ಎನ್ನುವ ಈ ಕೆಲಸ ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ, ಅಂದರೆ ಅದರೊಳಗೆ ಲೆಕ್ಕ ಮಾಡುವ ಭಾಗಗಳನ್ನೂ, ಗಂಟೆಗಟ್ಟಲೆ ದುಡಿಸುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟರೆ ಬೇಗ ಮುಗಿಯುತ್ತದೆ, ನಿಜ. ಆದರೆ ವೇಷ ದಿಗಿಣ (ಸುತ್ತುತ್ತ ಹಾರುವ ಕುಣಿತ) ಹೊಡೆಯುವಾಗ ನನ್ನ ಹಳೇ ಕಾರ್ಡು ಬಣ್ಣವನ್ನೆಲ್ಲ ಚೌಕ ಚೌಕ ಮಾಡಿಬಿಡುತ್ತದೆ. ಅದನ್ನು ನೋಡಲಾಗುವುದಿಲ್ಲ.

ನನ್ನ ಪ್ರೊಸೆಸರ್ ಎಎಂಡಿ ಕಂಪನಿಯ ರೈಜೆನ್ 7 5800ಎಕ್ಸ್. 2020ರ ನವೆಂಬರ್‌ನಲ್ಲಿ ಬಂದ ಚಿಪ್, 8 ಕೋರ್. ಅದನ್ನು ತಣ್ಣಗಿಡುವ ಕೂಲರ್ ಡಬ್ಬದಲ್ಲಿ ಬರುವುದಿಲ್ಲ, ನಾವೇ ಕೊಳ್ಳಬೇಕು. ಹೆಸರಿಗೆ 105 ವಾಟ್, ಆದರೆ ಪೂರ್ತಿ ದುಡಿಸಿದರೆ 142 ವಾಟ್ ತನಕ ಎಳೆಯುತ್ತದೆ. ಎಂಟೂ ಕೋರ್‌ಗಳು ಸುಮಾರು 80 ಚದರ ಮಿಲಿಮೀಟರಿನ ಒಂದೇ ತುಂಡಿನಲ್ಲಿ ಕೂತಿವೆ. ಕಿರುಬೆರಳಿನ ಉಗುರಿನಷ್ಟು ಜಾಗದಿಂದ ಅಷ್ಟು ಬಿಸಿ ಹೊರಗೆ ಬರಬೇಕು, ತೊಂದರೆಯ ಮೂಲ ಅದೇ. 90 ಡಿಗ್ರಿ ಇದಕ್ಕೆ ಎಎಂಡಿ ಹಾಕಿರುವ ಗೆರೆ. ಅಲ್ಲಿಗೆ ಮುಟ್ಟಿದರೆ ಸುಟ್ಟುಹೋಗುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಹೆದರುವುದೇನಿಲ್ಲ, ಕೆಲಸ ನಿಧಾನ ಆಗುತ್ತದೆ ಅಷ್ಟೇ.

ಎರಡು ಬೇಸಿಗೆ ಬೇರೆ ಬೇರೆ ಉಪಾಯ ಮಾಡಿ ನೋಡಿದೆ. ಪ್ರತಿ ಸಲವೂ ಅದೇ 20 ನಿಮಿಷದ ತುಣುಕು, ಅದೇ ಸೆಟ್ಟಿಂಗ್. ಮೇಜಿನ ಮೇಲೆ ಒಂದು ಥರ್ಮಾಮೀಟರ್ ಇಟ್ಟುಕೊಂಡು, ಕೋಣೆ 33ರ ಆಸುಪಾಸು ಇರುವಾಗಲೇ ಅಳೆದೆ. ಇದು ಮುಖ್ಯ. ಕೋಣೆ ಒಂದು ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಜನವರಿಯಲ್ಲಿ ಒಂದನ್ನು, ಮೇನಲ್ಲಿ ಇನ್ನೊಂದನ್ನು ಅಳೆದು ಹೋಲಿಸಿದರೆ ಅದಕ್ಕೆ ಅರ್ಥವೇ ಇಲ್ಲ, ಅಲ್ವಾ?

ಮೊದಲು ಇದ್ದದ್ದು ಎರಡು ಸಾವಿರ ರೂಪಾಯಿ ಚಿಲ್ಲರೆಯ ಟವರ್ ಕೂಲರ್, ಲೋಹದ ರೆಕ್ಕೆಗಳಿಗೆ ಗಾಳಿ ಊದುವ ಒಂದೇ 120 ಎಂಎಂ ಫ್ಯಾನಿನದು. ಅದರಲ್ಲಿ 90 ಡಿಗ್ರಿ, ತುಣುಕು ಮುಗಿಯಲು 40 ನಿಮಿಷ. ಬಿಚ್ಚಿ ನೋಡಿದರೆ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿತ್ತು. ನಮ್ಮದು ಅಡುಗೆಮನೆಗೆ ತಾಗಿದ ಹಾಲ್. ಒಗ್ಗರಣೆಯ ಹೊಗೆ, ಊದುಬತ್ತಿ, ರಸ್ತೆಯ ಧೂಳು ಎಲ್ಲ ಸೇರಿ ಅಂಟಂಟಾಗಿರುತ್ತದೆ. ಊದಿದರೆ ಹೋಗುವುದಿಲ್ಲ, ಪೇಂಟ್ ಬ್ರಷ್ ಬೇಕು. ತೊಳೆದು, ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಹೊಸದಾಗಿ ಹಾಕಿದ ಮೇಲೆ 88. ನೂರಿನ್ನೂರು ರೂಪಾಯಿಯ ಕೆಲಸಕ್ಕೆ ಎರಡು ಡಿಗ್ರಿ. ಕಂಪ್ಯೂಟರಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ತಿರುಗಿಸಿದರೆ 84. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅದೇ ಫ್ಯಾನು ಅಮ್ಮನಿಗೂ ಬೇಕು.

ಏಸಿಯನ್ನೂ ಬಿಡಲಿಲ್ಲ. ಏಸಿ ಇರುವುದು ಮಲಗುವ ಕೋಣೆಯಲ್ಲಿ. ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗಿ ಅಲ್ಲಿಟ್ಟೆ. ಕೋಣೆ 25, ಪ್ರೊಸೆಸರ್ 81. ಎರಡನೇ ರಾತ್ರಿ ಹೆಂಡತಿ ಕಂಪ್ಯೂಟರನ್ನೂ ನನ್ನನ್ನೂ ಹೊರಗೆ ಹಾಕಿದಳು. ಆ ಪ್ರಯೋಗ ಅಲ್ಲಿಗೆ ಮುಗಿಯಿತು.

ಇನ್ನು ನೀರಿನ ಕೂಲರ್, ಪಂಪಿನಿಂದ ನೀರು ಸುತ್ತಿಸಿ ಬಿಸಿಯನ್ನು ಫ್ಯಾನಿರುವ ರೇಡಿಯೇಟರಿಗೆ ಒಯ್ಯುವಂಥದ್ದು. ದಾದರ್‌ನಲ್ಲಿ ರೈಲು ಬದಲಾಯಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು, ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಅಂಗಡಿಯ ಹುಡುಗ ನನ್ನ ಪ್ರೊಸೆಸರ್ ಹೆಸರು ಕೇಳಿದವನೇ, "ಕಾಕಾ, ಲಿಕ್ವಿಡ್ ಘ್ಯಾ, ಟೆನ್ಶನ್ ನಾಹೀ" (ನೀರಿನದು ತಗೊಳ್ಳಿ, ಚಿಂತೆಯಿಲ್ಲ) ಎಂದ. 240 ಎಂಎಂ ರೇಡಿಯೇಟರಿನ ಕೂಲರ್, ಹಳೆಯದರ ಮೂರು ಪಟ್ಟಿಗಿಂತ ಜಾಸ್ತಿ ಬೆಲೆ. ತಂದೆ.

ಹಳೇ ಕೂಲರ್ ಕೀಳುವಾಗ ಎಡವಟ್ಟಾಯಿತು. ಸ್ಕ್ರೂ ಬಿಚ್ಚಿ ನೇರ ಮೇಲಕ್ಕೆ ಎಳೆದೆ. ಟಕ್ ಎಂದಿತು. ನೋಡಿದರೆ ಕೂಲರಿನ ತಳದಲ್ಲಿ ಪ್ರೊಸೆಸರ್ ನೇತಾಡುತ್ತಿದೆ! ಈ ಪ್ರೊಸೆಸರ್ ಕೂರುವ ಎಎಂ4 ಎಂಬ ಸಾಕೆಟ್‌ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯಲ್ಲೇ, ಸಾವಿರದ ಮುನ್ನೂರಕ್ಕೂ ಜಾಸ್ತಿ. ತಣ್ಣಗಿದ್ದ ಪೇಸ್ಟ್ ಅಂಟಿನ ಹಾಗೆ ಹಿಡಿದುಕೊಂಡು, ಸಾಕೆಟ್‌ನ ಲಾಕ್ ಹಾಕಿದ್ದರೂ ಕಿತ್ತುಕೊಂಡು ಬಂದಿತ್ತು. ಮೂಲೆಯ ಎರಡು ಪಿನ್ ಬಾಗಿದ್ದವು. ಮಗಳ ಪೆನ್ಸಿಲ್ ಬಾಕ್ಸಿನಿಂದ 0.5 ಎಂಎಂ ಪೆನ್ ಪೆನ್ಸಿಲ್ ತಂದು, ಕಡ್ಡಿ ತೆಗೆದು, ಅದರ ಟೊಳ್ಳು ಮೂತಿಯೊಳಗೆ ಒಂದೊಂದೇ ಪಿನ್ ತೂರಿಸಿ ನಿಧಾನಕ್ಕೆ ನೆಟ್ಟಗೆ ಮಾಡಿದೆ. ಹದಿನೈದು ನಿಮಿಷ ಉಸಿರು ಬಿಟ್ಟಿರಲಿಕ್ಕಿಲ್ಲ. ನೀವು ಹೀಗೆ ಮಾಡಬೇಡಿ. ಮೊದಲು ಹತ್ತು ನಿಮಿಷ ಏನಾದರೂ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಚಿ ಆಮೇಲೆ ಎತ್ತಿ.

ನೀರಿನ ಫಲಿತಾಂಶ ಚೆನ್ನಾಗಿಯೇ ಇತ್ತು: 80 ಡಿಗ್ರಿ, 38 ನಿಮಿಷ. ಮೊದಲ ಐದು ನಿಮಿಷ 74ರಲ್ಲೇ ಇತ್ತು. ನೀರು ಬಿಸಿಯಾಗುತ್ತಾ ಹೋದ ಹಾಗೆ ಮೇಲೇರಿತು. ಐದೇ ನಿಮಿಷ ಓಡಿಸಿ ನೀರಿನ ಕೂಲರನ್ನು ಹೊಗಳುವವರು ಇದನ್ನು ಗಮನಿಸಬೇಕು. ಇನ್ನೊಂದು ವಿಷಯ. ಬಿಸಿ ಚಿಪ್ಪಿನಿಂದ ಕೊಳವೆಗೆ, ಕೊಳವೆಯಿಂದ ರೇಡಿಯೇಟರಿಗೆ, ಅಲ್ಲಿಂದ ನಮ್ಮ ಹಾಲ್‌ಗೇ ಬರುತ್ತದೆ. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದೆ, ಇಡೀ ಯಂತ್ರ 210 ವಾಟ್ ಎಳೆಯುತ್ತಿತ್ತು. ನೂರು ವಾಟಿನ ಎರಡು ಹಳೇ ಬಲ್ಬು ರಾತ್ರಿಯಿಡೀ ಉರಿಸಿದ ಹಾಗೆ. ಪ್ರೊಸೆಸರ್ ತಣ್ಣಗಾಯಿತು, ಮನೆಯವರು ಬೆವರುವುದು ತಪ್ಪಲಿಲ್ಲ.

ಒಂದೂವರೆ ವರ್ಷಕ್ಕೆ ಪಂಪ್ ಕರ್ರ್ ಎನ್ನತೊಡಗಿತು. ರೇಡಿಯೇಟರ್ ಪಂಪಿಗಿಂತ ಮೇಲೇ ಇತ್ತು, ಗಾಳಿಗುಳ್ಳೆ ಪಂಪಿನಲ್ಲಿ ಕೂರಬಾರದೆಂದು ನಾನೇ ಹಾಗೆ ಕೂರಿಸಿದ್ದೆ. ಆದರೂ ಅಕ್ಟೋಬರ್ ಸೆಕೆಯ ಒಂದು ರಾತ್ರಿ ಎರಡೇ ನಿಮಿಷದಲ್ಲಿ 90 ಮುಟ್ಟಿತು. ಪಂಪ್ ನಿಂತೇಹೋಗಿತ್ತು. ಗಾಳಿ ಕೂಲರಿನಲ್ಲಿ ಫ್ಯಾನ್ ಕೆಟ್ಟರೆ ಐನೂರು ರೂಪಾಯಿಗೆ ಹೊಸದು ಹಾಕಬಹುದು. ಇದರಲ್ಲಿ ಪಂಪ್ ಹೋದರೆ ಇಡೀ ಸೆಟ್ಟೇ ಹೋದ ಹಾಗೆ. ವಾರಂಟಿ ಇತ್ತು, ಬದಲಿ ಬರಲು ಮೂರು ವಾರ ಆಯಿತು.

ಆ ಮೂರು ವಾರ ಹಳೇ ಕೂಲರನ್ನೇ ಮತ್ತೆ ಹಾಕಿಕೊಂಡೆ. ದೀಪಾವಳಿಗೆ ಮುಂಚೆ ಎರಡು ಪ್ರಸಂಗ ಮುಗಿಸಿ ಕೊಡಬೇಕಿತ್ತು. ಬೇರೆ ದಾರಿಯಿಲ್ಲದೆ ಬಯೋಸ್‌ಗೆ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಹೋಗಿ, ಪ್ರೊಸೆಸರಿನ ಕರೆಂಟಿಗೆ ಮಿತಿ ಹಾಕುವ ಇಕೋ ಮೋಡ್‌ನಲ್ಲಿ 65 ವಾಟ್ ಆರಿಸಿದೆ. ಹೆಸರಿಗೆ 65, ನಿಜವಾಗಿ ಪ್ರೊಸೆಸರಿಗೆ ಸಿಗುವುದು 88 ವಾಟ್ ತನಕ. ಅದೇ ತುಣುಕು ಓಡಿಸಿದೆ. 73 ಡಿಗ್ರಿ! ಸಮಯ 43 ನಿಮಿಷ. ನಂಬಿಕೆ ಬರದೆ ಮತ್ತೊಮ್ಮೆ ಓಡಿಸಿದೆ. ಅಷ್ಟೇ ಬಂತು. ಕೊನೆಯ ಸ್ವಲ್ಪ ವೇಗಕ್ಕಾಗಿ ಈ ಚಿಪ್ ಎಷ್ಟೊಂದು ಕರೆಂಟು ತಿನ್ನುತ್ತದೆ ಎಂದು ಆಗಲೇ ನನಗೆ ಅರ್ಥವಾಗಿದ್ದು. ವೇಗ ಏರಿಸಲು ವೋಲ್ಟೇಜ್ ಏರಿಸಬೇಕು. ವೋಲ್ಟೇಜ್ ಸ್ವಲ್ಪ ಏರಿದರೂ ಬಿಸಿ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ.

ಆಮೇಲೆ ಕರ್ವ್ ಆಪ್ಟಿಮೈಸರ್‌ಗೆ ಕೈಹಾಕಿದೆ. ಅದೇ ವೇಗಕ್ಕೆ ಸ್ವಲ್ಪ ಕಡಿಮೆ ವೋಲ್ಟೇಜ್ ಕೊಡುವ ಸೆಟ್ಟಿಂಗ್ ಅದು. ಮೈನಸ್ 25 ಹಾಕಿದೆ, ಸಂಜೆಯಿಡೀ ಚೆನ್ನಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಯಂತ್ರ ರಾತ್ರಿ ತಾನೇ ರೀಸ್ಟಾರ್ಟ್ ಆಗಿ, ಎನ್‌ಕೋಡ್ ಅರ್ಧಕ್ಕೆ ನಿಂತಿತ್ತು. ಅದೂ ಪೂರ್ತಿ ದುಡಿಯುವಾಗ ಮಾತ್ರವಲ್ಲ, ಸುಮ್ನೆ ಖಾಲಿ ಕೂತಾಗಲೂ ಒಮ್ಮೆ ಹಾಗಾಯಿತು. ಮೈನಸ್ 15ಕ್ಕೆ ತಂದ ಮೇಲೆ ತೊಂದರೆಯಿಲ್ಲ. ಈ ಅಂಕಿ ನನ್ನ ಚಿಪ್ಪಿನದು. ನಿಮ್ಮದಕ್ಕೆ ಬೇರೆ ಇರುತ್ತದೆ, ಐದೈದೇ ಇಳಿಸಿ ನೋಡಬೇಕು. ಇಕೋ ಮೋಡ್, ಕರ್ವ್ ಆಪ್ಟಿಮೈಸರ್ ಎರಡೂ ಸೇರಿ ನನಗೆ ಸಿಕ್ಕಿದ್ದು 72 ಡಿಗ್ರಿ, 41 ನಿಮಿಷ. ಪ್ಲಗ್ಗಿನಲ್ಲಿ 145 ವಾಟ್.

ನೀರಿನ 38 ನಿಮಿಷಕ್ಕೂ ಇದಕ್ಕೂ ಮೂರು ನಿಮಿಷದ ಅಂತರ. ಮೂರು ಗಂಟೆಯ ಪ್ರಸಂಗಕ್ಕೆ ಲೆಕ್ಕ ಹಾಕಿದರೆ 27 ನಿಮಿಷ. ನಾನು ಆಗ ನಿದ್ದೆಯಲ್ಲಿರುತ್ತೇನೆ. ಬಿಲ್ಲಿನಲ್ಲಿ ಉಳಿಯುವುದು ಹೇಳಿಕೊಳ್ಳುವಷ್ಟಿಲ್ಲ. ಆದರೆ ಫ್ಯಾನಿನ ಸದ್ದು ಅರ್ಧಕ್ಕೆ ಇಳಿದಿದೆ, ಹಾಲ್‌ನಲ್ಲಿ ಮಲಗುವ ಅಮ್ಮ ಗಿರಣಿಯ ಸುದ್ದಿ ಎತ್ತುವುದಿಲ್ಲ.

ದಿನಕ್ಕೆ ಎಂಟು ಗಂಟೆ ಇದೇ ಕೆಲಸದಿಂದ ಹೊಟ್ಟೆ ಹೊರೆಯುವವರ ಲೆಕ್ಕ ಬೇರೆ. ರೈಜೆನ್ 9 7950ಎಕ್ಸ್‌ನಂಥ ಚಿಪ್ ಇದ್ದರೂ ಬೇರೆ. ಅದು 230 ವಾಟ್ ಎಳೆಯುತ್ತದೆ, 95 ಡಿಗ್ರಿಯಲ್ಲಿ ದುಡಿಯಲೆಂದೇ ಮಾಡಿದ್ದು. ಪುಣೆಯಲ್ಲಿರುವ ಅಕ್ಕನ ಮಗನ ಹತ್ತಿರ ಅದೇ ಇದೆ, ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ನಲ್ಲಿ ಅನಿಮೇಶನ್ ಮಾಡುತ್ತಾನೆ. ವಾರಂಟಿಯಲ್ಲಿ ಬಂದ ಹೊಸ ನೀರಿನ ಕೂಲರ್ ನಮ್ಮ ಅಟ್ಟದ ಮೇಲೆ ಸೀಲ್ ಒಡೆಯದೆ ಬಿದ್ದಿತ್ತು. "ಮಾಮಾ, ನನಗೆ ಕೊಡಿ" ಎಂದ. ಹೋದ ಭಾನುವಾರ ಬಂದು ತೆಗೆದುಕೊಂಡು ಹೋದ. ಪಂಪ್ ಕರ್ರ್ ಎಂದರೆ ನನಗೆ ಫೋನ್ ಮಾಡಬೇಡ ಎಂದು ಹೇಳಿಯೇ ಕಳಿಸಿದ್ದೇನೆ.